ವಿಶ್ವವಿದ್ಯಾಲಯದ ಅಂಗಳದಲ್ಲಿ ಕಥೋಲಿಕ ಧರ್ಮಕೇಂದ್ರ: ಅದರ ಇತಿಹಾಸದ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ವಿಶ್ವವಿದ್ಯಾಲಯದ ಆವರಣದಲ್ಲಿ ಅಥವಾ ಅದರ ಗೋಡೆಗೆ ಅಂಟಿಕೊಂಡಂತೆ ಇರುವ ಕಥೋಲಿಕ ಧರ್ಮಕೇಂದ್ರಗಳ (ಪ್ಯಾರಿಷ್‌ಗಳ) ಬಗ್ಗೆ ವಿದ್ಯಾರ್ಥಿಗಳು, ಅಧ್ಯಾಪಕರು, ಪೋಷಕರು ಮತ್ತು ಇತಿಹಾಸಾಸಕ್ತರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಈ ಇತಿಹಾಸದಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡಬೇಕು. ಇಂಥ ಬಹುತೇಕ ಧರ್ಮಕೇಂದ್ರಗಳು ಮೇಲಿನವರ ಆದೇಶದಿಂದ ಹುಟ್ಟಿದವಲ್ಲ. ವಿದ್ಯಾರ್ಥಿಗಳು ಮೊದಲು ತಾವಾಗಿಯೇ ಒಂದೆಡೆ ಸೇರಿದರು, ಗುರುಗಳು (ಪಾದ್ರಿಗಳು) ಆಮೇಲೆ ಬಂದರು, ಕಟ್ಟಡ ಅದರ ನಂತರ ಎದ್ದಿತು, ಧರ್ಮಸಭೆಯ (ಕಥೋಲಿಕ ಚರ್ಚಿನ) ಕಾನೂನಿನ ಮನ್ನಣೆ ಎಲ್ಲಕ್ಕಿಂತ ಕೊನೆಗೆ ದೊರೆಯಿತು.

ಕ್ಯಾಂಪಸ್ ಧರ್ಮಕೇಂದ್ರಕ್ಕೂ ಊರಿನ ಸಾಮಾನ್ಯ ಧರ್ಮಕೇಂದ್ರಕ್ಕೂ ಏನು ವ್ಯತ್ಯಾಸ?

ಊರಿನ ಧರ್ಮಕೇಂದ್ರಕ್ಕೆ ಎಲ್ಲೆಗಳಿರುತ್ತವೆ. ಇಂಥ ರಸ್ತೆಯಿಂದ ಇಂಥ ಹಳ್ಳದವರೆಗೆ ಎಂದು ಗುರುತಿಸಿದ ಪ್ರದೇಶದೊಳಗೆ ವಾಸಿಸುವ ಕಥೋಲಿಕರೆಲ್ಲರೂ ಅದಕ್ಕೆ ಸೇರುತ್ತಾರೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 518ನೆಯ ವಿಧಿಯೂ ಇದನ್ನೇ ಸಾಮಾನ್ಯ ನಿಯಮವೆಂದು ಹೇಳುತ್ತದೆ. ಆದರೆ ಅದೇ ವಿಧಿಯು ಆಚರಣಾ ಪದ್ಧತಿ, ಭಾಷೆ, ರಾಷ್ಟ್ರೀಯತೆ ಅಥವಾ ಬೇರಾವುದೇ ಕಾರಣದಿಂದ ಒಂದು ಜನವರ್ಗಕ್ಕಾಗಿಯೇ ಧರ್ಮಕೇಂದ್ರವನ್ನು ಸ್ಥಾಪಿಸಲು ಅವಕಾಶ ಕೊಡುತ್ತದೆ. ಕ್ಯಾಂಪಸ್ಸಿನ ಧರ್ಮಕೇಂದ್ರಗಳಲ್ಲಿ ಹಲವು ಈ ಎರಡನೆಯ ಬಗೆಗೆ ಸೇರಿದವು. ಅಲ್ಲಿ ಎಲ್ಲೆಯನ್ನು ಗುರುತಿಸುವುದು ನೆಲವಲ್ಲ, ವಿಶ್ವವಿದ್ಯಾಲಯದೊಂದಿಗಿನ ಸಂಬಂಧ: ವಿದ್ಯಾರ್ಥಿ, ಅಧ್ಯಾಪಕ, ಸಿಬ್ಬಂದಿ ಮತ್ತು ಅವರ ಕುಟುಂಬದವರು. ಕೆಲವು ಕಡೆಗಳಲ್ಲಿ ಎರಡೂ ಬೆರೆತಿವೆ. ಸುತ್ತಲಿನ ಕೆಲವು ಬೀದಿಗಳನ್ನೂ ವಿಶ್ವವಿದ್ಯಾಲಯವನ್ನೂ ಒಟ್ಟಿಗೇ ಒಪ್ಪಿಸಲಾಗಿರುತ್ತದೆ.

ಚಾಪೆಲ್, ನ್ಯೂಮನ್ ಸೆಂಟರ್, ಧರ್ಮಕೇಂದ್ರ: ಇವೆಲ್ಲ ಒಂದೇ ಅಲ್ಲವೇ?

ಅಲ್ಲ. ಹೊರಗಿನಿಂದ ನೋಡುವವರಿಗೆ ಮೂರೂ ಒಂದೇ ಬಗೆಯಾಗಿ ಕಂಡರೂ ಕಾನೂನಿನ ದೃಷ್ಟಿಯಲ್ಲಿ ಅವುಗಳ ನಡುವೆ ದೊಡ್ಡ ಅಂತರವಿದೆ. ಚಾಪೆಲ್ ಎಂಬುದು ಪ್ರಾರ್ಥನೆಯ ಸ್ಥಳ. ಅದು ವಿಶ್ವವಿದ್ಯಾಲಯದ್ದೇ ಆಗಿರಬಹುದು. ನ್ಯೂಮನ್ ಸೆಂಟರ್ ಎಂಬುದು ವಿದ್ಯಾರ್ಥಿಗಳ ಆಧ್ಯಾತ್ಮಿಕ ಆರೈಕೆಗಾಗಿ ನಡೆಯುವ ಕೇಂದ್ರ. ಅಲ್ಲಿ ಗುರುಗಳಿರುತ್ತಾರೆ, ಬಲಿಪೂಜೆ (ಮಾಸ್) ನಡೆಯುತ್ತದೆ, ಓದುವ ಕೋಣೆ, ಊಟದ ಕೋಣೆಗಳೂ ಇರಬಹುದು. ಆದರೆ ಧರ್ಮಕೇಂದ್ರವನ್ನು ಸ್ಥಾಪಿಸುವ ಅಧಿಕಾರ ಧರ್ಮಪ್ರಾಂತ್ಯದ ಮುಖ್ಯಸ್ಥರಾದ ಧರ್ಮಾಧ್ಯಕ್ಷರೊಬ್ಬರಿಗೆ (ಬಿಷಪ್ಪರಿಗೆ) ಮಾತ್ರ ಇದೆ, ಅದೂ ಗುರುಗಳ ಮಂಡಳಿಯ ಅಭಿಪ್ರಾಯವನ್ನು ಕೇಳಿದ ಮೇಲೆ. ಒಮ್ಮೆ ಕ್ರಮಬದ್ಧವಾಗಿ ಸ್ಥಾಪನೆಯಾದರೆ ಅದು ತನ್ನದೇ ಆದ ಕಾನೂನು ವ್ಯಕ್ತಿತ್ವವನ್ನು ಪಡೆಯುತ್ತದೆ: ತನ್ನ ಹೆಸರಿನಲ್ಲಿ ಆಸ್ತಿ ಹೊಂದಬಹುದು, ತನ್ನದೇ ದೀಕ್ಷಾಸ್ನಾನ ಮತ್ತು ವಿವಾಹದ ದಾಖಲೆ ಪುಸ್ತಕಗಳನ್ನು ಇಡಬೇಕು, ಹಣಕಾಸು ಸಮಿತಿಯನ್ನು ಕಡ್ಡಾಯವಾಗಿ ರಚಿಸಬೇಕು. ಸಂಹಿತೆಯ 120ನೆಯ ವಿಧಿಯ ಪ್ರಕಾರ ಇಂಥ ಕಾನೂನು ವ್ಯಕ್ತಿತ್ವವು ಸ್ವಭಾವತಃ ಶಾಶ್ವತವಾದದ್ದು. ಅಧಿಕಾರವುಳ್ಳವರು ರದ್ದುಪಡಿಸಿದರೆ ಅಥವಾ ನೂರು ವರ್ಷ ಯಾವುದೇ ಚಟುವಟಿಕೆಯಿಲ್ಲದೆ ಉಳಿದರೆ ಮಾತ್ರ ಅದು ಕೊನೆಗೊಳ್ಳುತ್ತದೆ. ನಾಲ್ಕೈದು ವರ್ಷಗಳಿಗೊಮ್ಮೆ ಇಡೀ ಜನಸಮೂಹವೇ ಬದಲಾಗುವ ಜಾಗದಲ್ಲಿ ಈ ಶಾಶ್ವತತೆಗೆ ಎಷ್ಟು ಬೆಲೆಯಿದೆ ಎಂಬುದು ಮುಂದಿನ ಉತ್ತರಗಳಲ್ಲಿ ಸ್ಪಷ್ಟವಾಗುತ್ತದೆ.

ಮಧ್ಯಯುಗದ ವಿಶ್ವವಿದ್ಯಾಲಯಗಳಲ್ಲಿ ಇಂಥ ಧರ್ಮಕೇಂದ್ರಗಳು ಇದ್ದವೇ?

ಈಗಿನ ಅರ್ಥದಲ್ಲಿ ಇರಲಿಲ್ಲ, ಏಕೆಂದರೆ ಅವುಗಳ ಅಗತ್ಯವೇ ಇರಲಿಲ್ಲ. ಪ್ಯಾರಿಸ್ ಮತ್ತು ಆಕ್ಸ್‌ಫರ್ಡ್‌ನಂಥ ಕಡೆಗಳಲ್ಲಿ ಕಲಿಸುವವರೂ ಕಲಿಯುವವರೂ ಧರ್ಮಸಭೆಯ ಯಾಜಕವರ್ಗಕ್ಕೆ ಸೇರಿದವರೆಂದೇ ಪರಿಗಣಿತರಾಗಿದ್ದರು. ಪ್ಯಾರಿಸ್ ವಿಶ್ವವಿದ್ಯಾಲಯದ ಹಕ್ಕುಗಳನ್ನು ದೃಢಪಡಿಸಿದ 1231ರ ಶಾಸನವನ್ನು ಹೊರಡಿಸಿದವರು ಪೋಪ್ ಒಂಬತ್ತನೆಯ ಗ್ರೆಗೊರಿ. ವಿಶ್ವವಿದ್ಯಾಲಯವೇ ಧರ್ಮಸಭೆಯ ಮಡಿಲಲ್ಲಿದ್ದಾಗ, ಅದರೊಳಗೆ ಪ್ರತ್ಯೇಕವಾಗಿ ಒಂದು ಕಥೋಲಿಕ ನೆಲೆಯನ್ನು ಹುಡುಕುವ ಪ್ರಶ್ನೆ ಏಳುವುದಿಲ್ಲ.

ಆಕ್ಸ್‌ಫರ್ಡ್‌ನಲ್ಲಿ ನಡೆದದ್ದು ಇನ್ನೂ ಕುತೂಹಲಕರ. ಅಲ್ಲಿ ವಿಶ್ವವಿದ್ಯಾಲಯವು ಚರ್ಚನ್ನು ಕಟ್ಟಿಕೊಳ್ಳಲಿಲ್ಲ. ಊರಿನ ಚರ್ಚನ್ನೇ ತನ್ನದಾಗಿಸಿಕೊಂಡಿತು. ಸಂತ ಮರಿಯಮ್ಮನವರ ಹೆಸರಿನ ಆ ಚರ್ಚಿನಲ್ಲಿ ಅಧ್ಯಾಪಕರ ಸಭೆಗಳು ಸೇರುತ್ತಿದ್ದವು, ವಿಶ್ವವಿದ್ಯಾಲಯದ ಪುಸ್ತಕಗಳನ್ನು ಇಡಲಾಗುತ್ತಿತ್ತು, ಪದವಿಗಳನ್ನು ಪ್ರದಾನ ಮಾಡಲಾಗುತ್ತಿತ್ತು. ಹದಿನೇಳನೆಯ ಶತಮಾನದಲ್ಲಿ ಶೆಲ್ಡೋನಿಯನ್ ಸಭಾಂಗಣ ಸಿದ್ಧವಾದ ಮೇಲಷ್ಟೇ ಪದವಿ ಪ್ರದಾನ ಅಲ್ಲಿಂದ ಹೊರಗೆ ಹೋಯಿತು. ಹದಿನಾರನೆಯ ಶತಮಾನದ ಸುಧಾರಣಾ ಚಳವಳಿಯ ನಂತರ ಆ ಚರ್ಚು ಆಂಗ್ಲಿಕನ್ನರದಾಯಿತು, ಎಂದರೆ ರೋಮಿನಿಂದ ಬೇರ್ಪಟ್ಟ ಇಂಗ್ಲೆಂಡಿನ ಧರ್ಮಸಭೆಯದಾಯಿತು. ಆದರೂ ನಮ್ಮ ವಿಷಯದಲ್ಲಿ ಅದಕ್ಕೆ ಒಂದು ವಿಶೇಷ ಸ್ಥಾನವಿದೆ: 1828ರಿಂದ 1843ರವರೆಗೆ ಅಲ್ಲಿ ಗುರುಗಳಾಗಿದ್ದವರು ಜಾನ್ ಹೆನ್ರಿ ನ್ಯೂಮನ್.

ನ್ಯೂಮನ್ ಯಾರು? ಇಷ್ಟೊಂದು ಕೇಂದ್ರಗಳಿಗೆ ಅವರ ಹೆಸರೇ ಏಕೆ?

ನ್ಯೂಮನ್ 1801ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ಆಕ್ಸ್‌ಫರ್ಡ್‌ನಲ್ಲಿ ಓದಿ, ಅಲ್ಲಿಯೇ ಫೆಲೋ ಆಗಿ, ಆಂಗ್ಲಿಕನ್ ಗುರುಗಳಾಗಿ, ತಮ್ಮ ಪ್ರಬೋಧನೆಗಳಿಂದ ಒಂದು ಪೀಳಿಗೆಯ ವಿದ್ಯಾರ್ಥಿಗಳನ್ನೇ ಸೆಳೆದರು. 1845ರ ಅಕ್ಟೋಬರ್ 9ರಂದು ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು. ಅದರಿಂದ ಅವರು ಕಳೆದುಕೊಂಡದ್ದು ಆಕ್ಸ್‌ಫರ್ಡನ್ನೇ. ಅವರ ಪಾಲಿಗೆ ಅದು ಸಣ್ಣ ನಷ್ಟವಾಗಿರಲಿಲ್ಲ. 1854ರಲ್ಲಿ ಡಬ್ಲಿನ್‌ನಲ್ಲಿ ಆರಂಭವಾದ ಐರ್ಲೆಂಡಿನ ಕಥೋಲಿಕ ವಿಶ್ವವಿದ್ಯಾಲಯಕ್ಕೆ ಅವರು ಮೊದಲ ರೆಕ್ಟರ್ ಆದರು. ಆ ಸಂದರ್ಭದಲ್ಲಿ ವಿಶ್ವವಿದ್ಯಾಲಯದ ಸ್ವರೂಪವನ್ನು ಕುರಿತು ಅವರು ನೀಡಿದ ಉಪನ್ಯಾಸಗಳು ಇಂದಿಗೂ ಶಿಕ್ಷಣತಜ್ಞರ ಚರ್ಚೆಯಲ್ಲಿವೆ. 1879ರಲ್ಲಿ ಅವರು ಕಾರ್ಡಿನಲ್ ಆದರು, 1890ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ತೀರಿಕೊಂಡರು. 2010ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟ್ ಅವರನ್ನು ಪುನೀತರೆಂದೂ, 2019ರ ಅಕ್ಟೋಬರ್ 13ರಂದು ಪೋಪ್ ಫ್ರಾನ್ಸಿಸ್ ಸಂತರೆಂದೂ ಘೋಷಿಸಿದರು. 2025ರ ನವೆಂಬರ್ 1ರಂದು ಪೋಪ್ ಹದಿನಾಲ್ಕನೆಯ ಲಿಯೋ ಅವರಿಗೆ ಧರ್ಮಸಭೆಯ ಪಂಡಿತರೆಂಬ ಗೌರವವನ್ನಿತ್ತರು.

ಬುದ್ಧಿಯನ್ನೂ ಭಕ್ತಿಯನ್ನೂ ಬೇರೆ ಬೇರೆ ಕೋಣೆಗಳಲ್ಲಿ ಇಡಬಾರದು, ಒಬ್ಬನೇ ಮನುಷ್ಯನಲ್ಲಿ ಅವೆರಡೂ ಕೂಡಿರಬೇಕು ಎಂಬುದು ಅವರ ಜೀವನದುದ್ದದ ನಿಲುವು. ಕಥೋಲಿಕರಲ್ಲದವರೇ ಹೆಚ್ಚಾಗಿದ್ದ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳು ತಮ್ಮ ಕೂಟಕ್ಕೆ ಹೆಸರನ್ನು ಹುಡುಕಿದಾಗ ಅವರಿಗೆ ನ್ಯೂಮನ್ನರ ಹೆಸರು ಹೊಳೆದದ್ದು ಸಹಜ.

ಡಬ್ಲಿನ್‌ನಲ್ಲಿ ನ್ಯೂಮನ್ ಕಟ್ಟಿಸಿದ ವಿಶ್ವವಿದ್ಯಾಲಯದ ಚರ್ಚು ಏಕೆ ಮುಖ್ಯ?

ಆಧುನಿಕ ಕಾಲದಲ್ಲಿ ವಿಶ್ವವಿದ್ಯಾಲಯಕ್ಕಾಗಿಯೇ ಚರ್ಚೊಂದನ್ನು ಕಟ್ಟುವುದೆಂದರೆ ಏನು ಎಂಬುದನ್ನು ಅದು ಕಣ್ಣೆದುರು ತೋರಿಸಿತು. ಸೇಂಟ್ ಸ್ಟೀಫನ್ಸ್ ಗ್ರೀನ್ ಎಂಬ ಉದ್ಯಾನದ ಅಂಚಿನಲ್ಲಿ ವಿಶ್ವವಿದ್ಯಾಲಯದ ಮನೆ ಇತ್ತು. ಅದರ ಪಕ್ಕದ ಮನೆಯ ಹಿತ್ತಲಿನ ತೋಟದ ಜಾಗದಲ್ಲಿ ಚರ್ಚು ಎದ್ದಿತು. ಬೀದಿಯಲ್ಲಿ ನಡೆದುಹೋಗುವವರಿಗೆ ಕಾಣುವುದು ಇಟ್ಟಿಗೆಯ ಒಂದು ಕಿರಿದಾದ ಮುಖಮಂಟಪ ಮಾತ್ರ. ಒಳಗೆ ಹೋದರೆ ಉದ್ದನೆಯ ಸಭಾಂಗಣ, ಐರ್ಲೆಂಡಿನದೇ ಕ್ವಾರಿಗಳಿಂದ ತಂದ ಬಣ್ಣಬಣ್ಣದ ಅಮೃತಶಿಲೆಯ ಹಲಗೆಗಳನ್ನು ಹೊದಿಸಿದ ಗೋಡೆಗಳು, ಬಲಿಪೀಠದ ಮೇಲಣ ಅರೆಗುಮ್ಮಟದಲ್ಲಿ ಚಿನ್ನದ ಬಣ್ಣದ ಹಿನ್ನೆಲೆಯ ಮೇಲೆ ಬಳ್ಳಿಗಳ ನಡುವೆ ಮೂಡಿದ ಚಿತ್ರ. ಗಾಥಿಕ್ ಶೈಲಿಯೇ ಕ್ರೈಸ್ತ ಶೈಲಿ ಎಂದು ಅನೇಕರು ನಂಬಿದ್ದ ಕಾಲದಲ್ಲಿ ನ್ಯೂಮನ್ ಮತ್ತು ಅವರ ವಿನ್ಯಾಸಕಾರ ಜಾನ್ ಹಂಗರ್‌ಫೋರ್ಡ್ ಪಾಲೆನ್ ಅದನ್ನು ಬಿಟ್ಟು ರೋಮಿನ ಪ್ರಾಚೀನ ಬೆಸಿಲಿಕಾಗಳ ಮತ್ತು ಬೈಜಾಂಟಿಯನ್ ಕಲೆಯ ದಾರಿಯನ್ನು ಹಿಡಿದರು. ಹಣದ ಒಂದು ಭಾಗವು, ನ್ಯೂಮನ್ ಎದುರಿಸಿದ ಮಾನನಷ್ಟ ಮೊಕದ್ದಮೆಯ ಖರ್ಚಿಗೆಂದು ಹಿತೈಷಿಗಳು ಕೊಟ್ಟಿದ್ದರಲ್ಲಿ ಉಳಿದದ್ದು. 1856ರ ಮೇ 1ರಂದು, ಸ್ವರ್ಗಾರೋಹಣದ ಹಬ್ಬದ ದಿನ, ಚರ್ಚು ತೆರೆಯಿತು.

ಅಲ್ಲಿ ವಿಶ್ವವಿದ್ಯಾಲಯದ ವಿಧ್ಯುಕ್ತ ಸಮಾರಂಭಗಳೂ ಬಲಿಪೂಜೆಯೂ ಒಂದೇ ಸೂರಿನಡಿ ನಡೆಯಬೇಕೆಂಬುದು ಅವರ ಉದ್ದೇಶವಾಗಿತ್ತು. ನ್ಯೂಮನ್ನರ ಕನಸಿನ ವಿಶ್ವವಿದ್ಯಾಲಯ ಅವರು ಎಣಿಸಿದಂತೆ ಬೆಳೆಯಲಿಲ್ಲ. ಚರ್ಚು ಮಾತ್ರ ಇಂದಿಗೂ ಉಳಿದಿದೆ, ಅಲ್ಲಿ ಇಂದಿಗೂ ಬಲಿಪೂಜೆ ನಡೆಯುತ್ತಿದೆ.

ಇಂಗ್ಲೆಂಡಿನ ಹಳೆಯ ವಿಶ್ವವಿದ್ಯಾಲಯಗಳಿಗೆ ಕಥೋಲಿಕ ಗುರುಗಳು ಅಷ್ಟು ತಡವಾಗಿ ಬಂದದ್ದೇಕೆ?

ಎರಡು ಬಾಗಿಲುಗಳು ಮುಚ್ಚಿದ್ದವು. ಒಂದನ್ನು ರಾಜ್ಯ ಮುಚ್ಚಿತ್ತು, ಇನ್ನೊಂದನ್ನು ಧರ್ಮಸಭೆಯೇ ಮುಚ್ಚಿತ್ತು. ಆಂಗ್ಲಿಕನ್ ಧರ್ಮಸೂತ್ರಗಳಿಗೆ ಸಹಿ ಹಾಕದವರಿಗೆ ಆಕ್ಸ್‌ಫರ್ಡ್‌ನಲ್ಲಿ ಪ್ರವೇಶವೂ ಕೇಂಬ್ರಿಜ್‌ನಲ್ಲಿ ಪದವಿಯೂ ದೊರೆಯುತ್ತಿರಲಿಲ್ಲ. 1850ರ ದಶಕದಲ್ಲಿ ಈ ನಿರ್ಬಂಧ ಸಡಿಲವಾಯಿತು; 1871ರ ಕಾಯಿದೆಯು ಧಾರ್ಮಿಕ ಪರೀಕ್ಷೆಗಳನ್ನು ಬಹುಮಟ್ಟಿಗೆ ತೆಗೆದುಹಾಕಿತು. ಆದರೆ ಅಷ್ಟರಲ್ಲಿ ಕಥೋಲಿಕ ಧರ್ಮಾಧ್ಯಕ್ಷರು ತಮ್ಮ ಯುವಕರ ವಿಶ್ವಾಸಕ್ಕೆ ಅಲ್ಲಿ ಅಪಾಯವಿದೆಯೆಂದು ಭಾವಿಸಿ, ಅವರು ಅಲ್ಲಿಗೆ ಹೋಗಬಾರದೆಂಬ ನಿಲುವು ತಳೆದಿದ್ದರು. 1860ರ ದಶಕದಲ್ಲಿ ರೋಮ್ ಅದನ್ನು ಅನುಮೋದಿಸಿತ್ತು. ಆಕ್ಸ್‌ಫರ್ಡ್‌ನಲ್ಲಿ ಒಂದು ಕಥೋಲಿಕ ನೆಲೆಯನ್ನು ಸ್ಥಾಪಿಸಬೇಕೆಂದು ನ್ಯೂಮನ್ ಮಾಡಿದ ಪ್ರಯತ್ನವೂ ಇದೇ ಕಾರಣಕ್ಕೆ ನಿಂತುಹೋಯಿತು. ಆ ನಿಷೇಧ ಸಡಿಲವಾದದ್ದು 1895ರಲ್ಲಿ, ನ್ಯೂಮನ್ ತೀರಿಕೊಂಡ ಐದು ವರ್ಷಗಳ ನಂತರ. ಅದರ ಬೆನ್ನಲ್ಲೇ ಎರಡೂ ಕಡೆ ಕಥೋಲಿಕ ವಿದ್ಯಾರ್ಥಿಗಳಿಗಾಗಿ ಗುರುಗಳನ್ನು ನೇಮಿಸಲಾಯಿತು. ಕೇಂಬ್ರಿಜ್‌ನ ಕೇಂದ್ರಕ್ಕೆ ಫಿಶರ್ ಹೌಸ್ ಎಂಬ ಹೆಸರು ಬಂದದ್ದು ಸಂತ ಜಾನ್ ಫಿಶರ್ ಅವರಿಂದ. ಅವರು ಆ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು, 1535ರಲ್ಲಿ ಎಂಟನೆಯ ಹೆನ್ರಿಯ ಆಜ್ಞೆಯಿಂದ ಶಿರಚ್ಛೇದಕ್ಕೆ ಒಳಗಾದವರು.

ಅಮೆರಿಕದಲ್ಲಿ ಮೊದಲ ಹೆಜ್ಜೆ ಇಟ್ಟವರು ಯಾರು?

ವಿದ್ಯಾರ್ಥಿಗಳು. 1862ರ ಮೊರಿಲ್ ಕಾಯಿದೆಯಿಂದ ಭೂದಾನ ಪಡೆದ ರಾಜ್ಯ ವಿಶ್ವವಿದ್ಯಾಲಯಗಳು ಬೆಳೆಯತೊಡಗಿದಾಗ, ಕಡಿಮೆ ಖರ್ಚಿನಲ್ಲಿ ಕೃಷಿ, ಎಂಜಿನಿಯರಿಂಗ್, ವೈದ್ಯಕೀಯಗಳನ್ನು ಕಲಿಯಬಹುದೆಂದು ವಲಸಿಗ ಕಥೋಲಿಕ ಕುಟುಂಬಗಳ ಮಕ್ಕಳೂ ಅಲ್ಲಿಗೆ ಬಂದರು. ಅವರನ್ನು ನೋಡಿಕೊಳ್ಳುವ ಏರ್ಪಾಡು ಮಾತ್ರ ಯಾವುದೂ ಇರಲಿಲ್ಲ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯವಿರುವ ಮ್ಯಾಡಿಸನ್ ನಗರದಲ್ಲಿ 1883ರ ಕೃತಜ್ಞತಾ ದಿನದಂದು ಮೆಲ್ವಿನ್ ಎಂಬ ಕಥೋಲಿಕ ಕುಟುಂಬವು ಮನೆಯಿಂದ ದೂರವಿದ್ದ ಕೆಲವು ವಿದ್ಯಾರ್ಥಿಗಳನ್ನು ಊಟಕ್ಕೆ ಕರೆಯಿತು. ಊಟದ ಮೇಜಿನ ಸುತ್ತ ನಡೆದ ಮಾತು, ತರಗತಿಗಳಲ್ಲಿ ಧರ್ಮಸಭೆಯ ಇತಿಹಾಸದ ಬಗ್ಗೆ ಕೇಳಿಬರುತ್ತಿದ್ದ ಟೀಕೆಗಳತ್ತ ತಿರುಗಿತು. ಉತ್ತರ ಕೊಡಬೇಕೆಂದರೆ ತಾವೇ ಓದಿಕೊಂಡಿರಬೇಕು ಎಂದು ಅವರಿಗೆ ಅನಿಸಿತು. ಹೀಗೆ ಹುಟ್ಟಿದ ಅಧ್ಯಯನ ಕೂಟಕ್ಕೆ ಆ ಮನೆಯವರ ಹೆಸರನ್ನೇ ಇಟ್ಟು ಮೆಲ್ವಿನ್ ಕ್ಲಬ್ ಎಂದು ಕರೆದರು. ಅಂದಿನ ಆ ಗುಂಪಿನಲ್ಲಿದ್ದ ತಿಮೊಥಿ ಹ್ಯಾರಿಂಗ್ಟನ್ ಮುಂದೆ ವೈದ್ಯಕೀಯ ಓದಲು ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ 1893ರಲ್ಲಿ ಗೆಳೆಯರನ್ನು ಕೂಡಿಕೊಂಡು ಅವರು ಆರಂಭಿಸಿದ್ದೇ ಮೊದಲ ನ್ಯೂಮನ್ ಕ್ಲಬ್. ಒಬ್ಬ ವಿದ್ಯಾರ್ಥಿ ಒಂದು ಊರಿನಲ್ಲಿ ಕಂಡ ಒಳಿತನ್ನು ಇನ್ನೊಂದು ಊರಿಗೆ ಕೊಂಡೊಯ್ದದ್ದರಿಂದ ಇಡೀ ಚಳವಳಿಗೆ ಹೆಸರು ಬಂತು ಎಂಬುದನ್ನು ಮರೆಯಬಾರದು.

ಮ್ಯಾಡಿಸನ್‌ನಲ್ಲಿ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಮಿಲ್ವಾಕಿಯ ಮಹಾಧರ್ಮಾಧ್ಯಕ್ಷ ಮೆಸ್ಮರ್ ಅವರು 1906ರಲ್ಲಿ ಹೆನ್ರಿ ಹೆಂಗೆಲ್ ಎಂಬ ಗುರುಗಳನ್ನು ವಿದ್ಯಾರ್ಥಿಗಳ ಸೇವೆಗೆಂದೇ ನೇಮಿಸಿದರು. ಕೆಲವೇ ವರ್ಷಗಳಲ್ಲಿ ಸಂತ ಪೌಲರ ಹೆಸರಿನ ಚಾಪೆಲ್ ಎದ್ದಿತು. ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯವೊಂದರ ಕಥೋಲಿಕ ವಿದ್ಯಾರ್ಥಿಗಳಿಗಾಗಿಯೇ ಕಟ್ಟಿದ ಮೊದಲ ಚಾಪೆಲ್ ಎಂಬ ಹೆಗ್ಗಳಿಕೆ ಅದರದ್ದು.

ಧರ್ಮಾಧ್ಯಕ್ಷರು ಇದನ್ನು ಸ್ವಾಗತಿಸಿದರೇ, ವಿರೋಧಿಸಿದರೇ?

ಎರಡೂ ನಡೆಯಿತು. ಪೋಪ್ ಹತ್ತನೆಯ ಪಿಯುಸ್ 1905ರ ಏಪ್ರಿಲ್‌ನಲ್ಲಿ ಹೊರಡಿಸಿದ ವಿಶ್ವಪರಿಪತ್ರವೊಂದರಲ್ಲಿ, ಧರ್ಮವನ್ನು ಕಲಿಸದ ಸಾರ್ವಜನಿಕ ವಿಶ್ವವಿದ್ಯಾಲಯಗಳಿರುವ ನಗರಗಳಲ್ಲಿ ವಿದ್ಯಾರ್ಥಿಗಳಿಗಾಗಿ ಧರ್ಮಶಿಕ್ಷಣದ ಶಾಲೆಗಳನ್ನು ಸ್ಥಾಪಿಸಬೇಕೆಂದು ಹೇಳಿದ್ದರು. ಕ್ಯಾಂಪಸ್ಸಿನ ಗುರುಗಳಿಗೆ ಇದೊಂದು ದೊಡ್ಡ ಆಧಾರವಾಯಿತು. ಆದರೆ ಅಮೆರಿಕದ ಅನೇಕ ಧರ್ಮಾಧ್ಯಕ್ಷರೂ ಕಥೋಲಿಕ ಕಾಲೇಜುಗಳನ್ನು ನಡೆಸುತ್ತಿದ್ದ ಧಾರ್ಮಿಕ ಸಭೆಗಳೂ ಬೇರೆ ಲೆಕ್ಕ ಹಾಕಿದ್ದರು. ಕಥೋಲಿಕ ಮಕ್ಕಳು ಕಥೋಲಿಕ ಕಾಲೇಜಿಗೇ ಹೋಗಬೇಕು. ಸರ್ಕಾರಿ ವಿಶ್ವವಿದ್ಯಾಲಯದ ಪಕ್ಕದಲ್ಲಿ ಒಳ್ಳೆಯ ಕೇಂದ್ರ ಕಟ್ಟಿದರೆ ಪೋಷಕರು ನಿಶ್ಚಿಂತೆಯಿಂದ ಮಕ್ಕಳನ್ನು ಅಲ್ಲಿಗೇ ಕಳುಹಿಸುತ್ತಾರೆ ಎಂಬುದು ಅವರ ವಾದ. ಬಡವರ ಕಾಣಿಕೆಯಿಂದ ಕಟ್ಟಿದ ಕಾಲೇಜುಗಳನ್ನು ಉಳಿಸಿಕೊಳ್ಳಬೇಕಾದವರ ಆತಂಕವನ್ನು ಹಗುರವಾಗಿ ಕಾಣಲಾಗದು.

ಈ ಜಗಳ ತಾರಕಕ್ಕೇರಿದ್ದು ಇಲಿನಾಯ್ ವಿಶ್ವವಿದ್ಯಾಲಯದ ವಿಷಯದಲ್ಲಿ. 1917ರಲ್ಲಿ ಅಲ್ಲಿಗೆ ಬಂದ ಜಾನ್ ಎ. ಓ'ಬ್ರಯನ್ ಎಂಬ ಯುವ ಗುರುಗಳು ಸಣ್ಣ ಗುರಿಗಳನ್ನು ಇಟ್ಟುಕೊಂಡವರಲ್ಲ. ಕ್ಯಾಂಪಸ್ಸಿನ ಅಂಚಿನಲ್ಲಿ ಕಥೋಲಿಕ ಪ್ರತಿಷ್ಠಾನವೊಂದು ಇರಬೇಕು, ಅದು ನಡೆಸುವ ಧರ್ಮಶಾಸ್ತ್ರದ ತರಗತಿಗಳಿಗೆ ವಿಶ್ವವಿದ್ಯಾಲಯವು ಪದವಿಯ ಅಂಕಗಳನ್ನು ಕೊಡಬೇಕು, ಜೊತೆಗೆ ವಿದ್ಯಾರ್ಥಿ ನಿಲಯವೂ ಚಾಪೆಲ್ಲೂ ಬೇಕು ಎಂಬುದು ಅವರ ಯೋಜನೆ. ವಿಶ್ವವಿದ್ಯಾಲಯ ಒಪ್ಪಿತು. 1920ರ ದಶಕದ ಮಧ್ಯದಲ್ಲಿ ಅವರು ಹಣ ಸಂಗ್ರಹಕ್ಕೆ ಇಳಿದಾಗ ಕಥೋಲಿಕ ಪತ್ರಿಕೆಗಳಲ್ಲಿಯೇ ಅವರ ವಿರುದ್ಧ ಕಟುವಾದ ಬರಹಗಳು ಬಂದವು. ಆದರೂ ಸಂತ ಯೋವಾನ್ನರ ಚಾಪೆಲ್ಲೂ ನ್ಯೂಮನ್ ಹಾಲ್ ಎಂಬ ವಿದ್ಯಾರ್ಥಿ ನಿಲಯವೂ ಎದ್ದು ನಿಂತವು. ವಿದ್ಯಾರ್ಥಿಗಳು ಎಲ್ಲಿರಬೇಕಿತ್ತು ಎಂದು ವಾದಿಸುವುದಕ್ಕಿಂತ ಅವರು ಇದ್ದಲ್ಲಿಗೆ ಹೋಗುವುದೇ ಗುರುವಿನ ಕರ್ತವ್ಯವೆಂದು ನಂಬಿದವರ ಪಕ್ಷವೇ ಸರಿಯಾಗಿತ್ತು ಎಂಬುದು ನಮ್ಮ ಅಭಿಪ್ರಾಯ.

ಎರಡನೆಯ ಮಹಾಯುದ್ಧದ ನಂತರ ಏನು ಬದಲಾಯಿತು?

ಸಂಖ್ಯೆ ಬದಲಾಯಿತು. ಯುದ್ಧದಿಂದ ಮರಳಿದ ಸೈನಿಕರ ಶಿಕ್ಷಣದ ಖರ್ಚನ್ನು ಭರಿಸುವ ಕಾಯಿದೆಯನ್ನು ಅಮೆರಿಕ 1944ರಲ್ಲಿ ಜಾರಿಗೆ ತಂದಿತು. 1947ರ ಹೊತ್ತಿಗೆ ಅಲ್ಲಿನ ಕಾಲೇಜುಗಳಿಗೆ ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮಾಜಿ ಸೈನಿಕರೇ ಆಗಿದ್ದರು. ಅವರಲ್ಲಿ ಕಥೋಲಿಕರು ಬಹಳಷ್ಟು ಮಂದಿ. ಅವರೆಲ್ಲರಿಗೂ ಕಥೋಲಿಕ ಕಾಲೇಜುಗಳಲ್ಲಿ ಜಾಗವಿರಲಿಲ್ಲ. ಹಳೆಯ ಜಗಳ ತನ್ನಷ್ಟಕ್ಕೆ ಅರ್ಥ ಕಳೆದುಕೊಂಡಿತು. ಬಂದವರಲ್ಲಿ ಮದುವೆಯಾದವರಿದ್ದರು, ಕೈಗೂಸುಗಳ ತಂದೆಯರಿದ್ದರು. ದೀಕ್ಷಾಸ್ನಾನ, ವಿವಾಹ, ಮಕ್ಕಳ ಧರ್ಮೋಪದೇಶ ಇವೆಲ್ಲ ಕ್ಲಬ್ಬೊಂದು ನಿಭಾಯಿಸುವ ಕೆಲಸಗಳಲ್ಲ. ಧರ್ಮಕೇಂದ್ರವೇ ಬೇಕೆಂಬ ಒತ್ತಡ ಇಲ್ಲಿಂದ ಬೆಳೆಯಿತು.

ಹಾಗಾದರೆ ಕೇಂದ್ರಗಳು ಪೂರ್ಣ ಪ್ರಮಾಣದ ಧರ್ಮಕೇಂದ್ರಗಳಾದದ್ದು ಯಾವಾಗ?

ಬಹುಮಟ್ಟಿಗೆ ದ್ವಿತೀಯ ವ್ಯಾಟಿಕನ್ ಮಹಾಸಭೆ ಎಂಬ, ಜಗತ್ತಿನ ಧರ್ಮಾಧ್ಯಕ್ಷರ ಸಭೆಯ ನಂತರ. ಅದಕ್ಕೆ ಮುಂಚೆ ಜಾರಿಯಲ್ಲಿದ್ದ 1917ರ ಸಂಹಿತೆಯ ಪ್ರಕಾರ, ಒಂದು ಊರಿನೊಳಗೆ ಭಾಷೆ ಅಥವಾ ರಾಷ್ಟ್ರೀಯತೆಯ ಆಧಾರದಲ್ಲಿ, ಇಲ್ಲವೇ ನೆಲದ ಎಲ್ಲೆಯಿಲ್ಲದೆ ಕೇವಲ ಒಂದು ಜನವರ್ಗಕ್ಕಾಗಿ ಧರ್ಮಕೇಂದ್ರ ಸ್ಥಾಪಿಸಬೇಕಾದರೆ ರೋಮಿನ ವಿಶೇಷ ಅನುಮತಿ ಬೇಕಿತ್ತು. 1962ರಿಂದ 1965ರವರೆಗೆ ನಡೆದ ಮಹಾಸಭೆಯು ಕ್ರೈಸ್ತ ಶಿಕ್ಷಣವನ್ನು ಕುರಿತು 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆಯ ಹತ್ತನೆಯ ಭಾಗದಲ್ಲಿ, ಕಥೋಲಿಕವಲ್ಲದ ವಿಶ್ವವಿದ್ಯಾಲಯಗಳಲ್ಲಿಯೂ ವಿದ್ಯಾರ್ಥಿ ನಿಲಯಗಳು ಮತ್ತು ಕೇಂದ್ರಗಳು ಇರಬೇಕೆಂದೂ, ಅಲ್ಲಿ ಎಚ್ಚರಿಕೆಯಿಂದ ಆರಿಸಿ ತರಬೇತುಗೊಳಿಸಿದ ಗುರುಗಳು, ಸಂನ್ಯಾಸಿಗಳು ಮತ್ತು ಶ್ರೀಸಾಮಾನ್ಯರು ಸೇವೆ ಸಲ್ಲಿಸಬೇಕೆಂದೂ ಕರೆಕೊಟ್ಟಿತು. ನಂತರದ ವರ್ಷಗಳಲ್ಲಿ ಹಲವು ಧರ್ಮಪ್ರಾಂತ್ಯಗಳು ತಮ್ಮ ನ್ಯೂಮನ್ ಕೇಂದ್ರಗಳನ್ನು ಧರ್ಮಕೇಂದ್ರಗಳಾಗಿ ಪರಿವರ್ತಿಸಿದವು. 1983ರ ಸಂಹಿತೆಯ 813ನೆಯ ವಿಧಿಯು ಈ ಬೆಳವಣಿಗೆಗೆ ಮುದ್ರೆಯೊತ್ತಿತು: ಧರ್ಮಾಧ್ಯಕ್ಷರು ವಿದ್ಯಾರ್ಥಿಗಳ ಆಧ್ಯಾತ್ಮಿಕ ಆರೈಕೆಯಲ್ಲಿ ವಿಶೇಷ ಆಸ್ಥೆ ವಹಿಸಬೇಕು, ಅದಕ್ಕಾಗಿ ಧರ್ಮಕೇಂದ್ರವನ್ನೇ ಸ್ಥಾಪಿಸಬಹುದು, ಇಲ್ಲವಾದರೆ ಸ್ಥಿರವಾಗಿ ನಿಯುಕ್ತರಾದ ಗುರುಗಳನ್ನಾದರೂ ಒದಗಿಸಬೇಕು. ಒಂದು ಕಾಲದಲ್ಲಿ ಅನುಮಾನಕ್ಕೆ ಗುರಿಯಾಗಿದ್ದ ಕೆಲಸವು ಹೀಗೆ ಧರ್ಮಾಧ್ಯಕ್ಷರ ಕರ್ತವ್ಯಗಳ ಪಟ್ಟಿಗೆ ಸೇರಿತು.

ಸರ್ಕಾರಿ ವಿಶ್ವವಿದ್ಯಾಲಯದ ಜಾಗದಲ್ಲಿ ಬಲಿಪೂಜೆ ನಡೆಸಬಹುದೇ?

ದೇಶದಿಂದ ದೇಶಕ್ಕೆ ಕಾನೂನು ಬೇರೆ. ಅಮೆರಿಕದಲ್ಲಿ ಧರ್ಮ ಮತ್ತು ರಾಜ್ಯಗಳನ್ನು ಪ್ರತ್ಯೇಕಿಸುವ ಸಂವಿಧಾನದ ತಿದ್ದುಪಡಿಯಿಂದಾಗಿ ಕಥೋಲಿಕ ಚರ್ಚುಗಳು ಸಾಮಾನ್ಯವಾಗಿ ಧರ್ಮಪ್ರಾಂತ್ಯದ ಅಥವಾ ಪ್ರತಿಷ್ಠಾನದ ಸ್ವಂತ ನೆಲದಲ್ಲಿ, ಕ್ಯಾಂಪಸ್ಸಿಗೆ ತಾಗಿಕೊಂಡಂತೆ ಇವೆ. ಅಲ್ಲಿನ ಅನೇಕ ಕ್ಯಾಂಪಸ್ ಧರ್ಮಕೇಂದ್ರಗಳ ಹೆಬ್ಬಾಗಿಲು ರಸ್ತೆಯ ಆಚೆ ಬದಿಯಲ್ಲಿರುವುದಕ್ಕೆ ಇದೇ ಕಾರಣ. ಡೆಲವೇರ್ ವಿಶ್ವವಿದ್ಯಾಲಯವು ವಿದ್ಯಾರ್ಥಿ ನಿಲಯದ ಸಾಮಾನ್ಯ ಕೋಣೆಯಲ್ಲಿ ಬಲಿಪೂಜೆ ನಡೆಸುವುದನ್ನು ನಿಷೇಧಿಸಿದಾಗ ವಿವಾದ ನ್ಯಾಯಾಲಯಕ್ಕೆ ಹೋಯಿತು. 1975ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಅಂಥ ಸಾರಾಸಗಟು ನಿಷೇಧವನ್ನು ಸಮರ್ಥಿಸಲಾಗದೆಂದು ಹೇಳಿತು. 1981ರಲ್ಲಿ ವಿಡ್ಮರ್ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಇತರ ವಿದ್ಯಾರ್ಥಿ ಸಂಘಗಳಿಗೆ ಕೋಣೆಗಳನ್ನು ಕೊಡುವ ಸರ್ಕಾರಿ ವಿಶ್ವವಿದ್ಯಾಲಯವು ಧಾರ್ಮಿಕ ಸಂಘಕ್ಕೆ ಮಾತ್ರ ಅದನ್ನು ನಿರಾಕರಿಸುವಂತಿಲ್ಲ ಎಂದು ತೀರ್ಪಿತ್ತಿತು.

ಕಮ್ಯುನಿಸ್ಟ್ ಆಡಳಿತದ ದೇಶಗಳಲ್ಲಿ ಏನಾಯಿತು?

ಪೋಲೆಂಡಿನ ಕ್ರಾಕೋವ್ ನಗರವನ್ನು ಉದಾಹರಣೆಯಾಗಿ ನೋಡಬಹುದು. ಅಲ್ಲಿನ ಯಾಗೆಲೋನಿಯನ್ ವಿಶ್ವವಿದ್ಯಾಲಯದೊಂದಿಗೆ ಸಂತ ಅನ್ನಮ್ಮನವರ ಚರ್ಚಿಗೆ ಶತಮಾನಗಳ ನಂಟಿದೆ. 1473ರಲ್ಲಿ ತೀರಿಕೊಂಡ ಅಧ್ಯಾಪಕ ಸಂತ ಜಾನ್ ಕಾಂಟಿಯುಸ್ ಅವರ ಸಮಾಧಿಯೂ ಅಲ್ಲಿಯೇ ಇದೆ. 1949ರಲ್ಲಿ ಅದೇ ನಗರದ ಸಂತ ಫ್ಲೋರಿಯನರ ಧರ್ಮಕೇಂದ್ರಕ್ಕೆ ಸಹಾಯಕ ಗುರುಗಳಾಗಿ ಬಂದ ಕರೋಲ್ ವೊಯ್ತಿವಾ ಅವರಿಗೆ ವಿದ್ಯಾರ್ಥಿಗಳ ಹೊಣೆಯನ್ನು ವಹಿಸಲಾಯಿತು. ಗುರುಗಳು ಯುವಜನರ ಗುಂಪು ಕಟ್ಟಿಕೊಂಡು ತಿರುಗುವುದನ್ನು ಸರ್ಕಾರ ಸಹಿಸುತ್ತಿರಲಿಲ್ಲ. ಆದ್ದರಿಂದ ಅವರು ನಿಲುವಂಗಿ ತೊಡದೆ ವಿದ್ಯಾರ್ಥಿಗಳೊಂದಿಗೆ ಬೆಟ್ಟಗಳಿಗೂ ದೋಣಿಯಾನಕ್ಕೂ ಹೋಗುತ್ತಿದ್ದರು. ವಿದ್ಯಾರ್ಥಿಗಳು ಅವರನ್ನು ಫಾದರ್ ಎನ್ನದೆ ಮಾಮ ಎಂದು ಕರೆಯುತ್ತಿದ್ದರು. 1978ರಲ್ಲಿ ಎರಡನೆಯ ಜಾನ್ ಪೌಲ್ ಎಂಬ ಹೆಸರಿನಿಂದ ಪೋಪ್ ಆದವರು ಇವರೇ. 1983ರಲ್ಲಿ ಮೇಲೆ ಹೇಳಿದ ಹೊಸ ಸಂಹಿತೆಯನ್ನು ಜಾರಿಗೆ ತಂದವರೂ ಅವರೇ.

ವಿದ್ಯಾರ್ಥಿನಿಯರಿಗೆ ಆರಂಭದಿಂದಲೂ ಸ್ಥಾನವಿತ್ತೇ?

ಎಲ್ಲ ಕಡೆ ಇರಲಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯವು ಮಹಿಳೆಯರಿಗೆ ಪೂರ್ಣ ಪದವಿ ಕೊಟ್ಟದ್ದೇ 1948ರಲ್ಲಿ. ಅಲ್ಲಿನ ಫಿಶರ್ ಹೌಸಿನಲ್ಲಿ 1932ರಿಂದ ಗುರುಗಳಾಗಿದ್ದ ಮಾನ್ಸಿಂಞೋರ್ ಆಲ್ಫ್ರೆಡ್ ಗಿಲ್ಬಿ ಅವರು ಆ ಕೇಂದ್ರವನ್ನು ಪುರುಷ ವಿದ್ಯಾರ್ಥಿಗಳಿಗೆ ಮೀಸಲಾಗಿಯೇ ಉಳಿಸಬೇಕೆಂದು ಬಯಸಿದರು. ವಿದ್ಯಾರ್ಥಿನಿಯರನ್ನು ಸಮಾನವಾಗಿ ಸೇರಿಸಿಕೊಳ್ಳಬೇಕೆಂಬ ನಿರ್ಧಾರದ ಹಿನ್ನೆಲೆಯಲ್ಲಿ 1965ರಲ್ಲಿ ಅವರು ಹುದ್ದೆಯನ್ನು ತೊರೆದರು. ಗಿಲ್ಬಿ ಅವರನ್ನು ಪ್ರೀತಿಸುತ್ತಿದ್ದವರು ಅನೇಕರಿದ್ದರು. ಆದರೂ ಒಂದು ಕಾಲಮಾನದ ವಿದ್ಯಾರ್ಥಿನಿಯರು ತಮ್ಮದೇ ಆಗಬೇಕಿದ್ದ ಮನೆಯ ಹೊರಗೆ ನಿಂತರು ಎಂಬುದನ್ನು ಇತಿಹಾಸ ಬರೆಯುವವರು ಬಿಟ್ಟುಬಿಡಬಾರದು.

ಕಟ್ಟಡಗಳ ಶೈಲಿ ಅಷ್ಟೊಂದು ಭಿನ್ನವಾಗಿರುವುದೇಕೆ?

ಪ್ರತಿ ಕಟ್ಟಡವೂ ತನ್ನ ಕಾಲದ ವಿಶ್ವವಿದ್ಯಾಲಯದೊಂದಿಗೆ ಮಾತನಾಡುತ್ತದೆ. ರೋಮ್ ವಿಶ್ವವಿದ್ಯಾಲಯದ ಹಳೆಯ ಅಂಗಳದ ತುದಿಯಲ್ಲಿ ಬೊರೊಮಿನಿ ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಸಂತ ಇವೊ ಅವರ ಚರ್ಚಿನ ಶಿಖರವು ಸುರುಳಿ ಸುತ್ತುತ್ತಾ ಮೇಲಕ್ಕೇರುತ್ತದೆ. ಬರ್ಕ್ಲಿಯಲ್ಲಿ ಪವಿತ್ರಾತ್ಮರ ಧರ್ಮಕೇಂದ್ರಕ್ಕೆ ಮಾರಿಯೊ ಚಿಯಾಂಪಿ ವಿನ್ಯಾಸಗೊಳಿಸಿದ, 1967ರ ಕಟ್ಟಡವು ಲೇಪನವಿಲ್ಲದ ಬರಿಯ ಕಾಂಕ್ರೀಟಿನದು. ಮಹಾಸಭೆಯ ನಂತರದ ಹೊಸ ಆರಾಧನಾ ಕ್ರಮಕ್ಕೆ ತಕ್ಕಂತೆ ಜನರು ಬಲಿಪೀಠಕ್ಕೆ ಹತ್ತಿರವಾಗಿ ಸೇರುವಂತೆ ಅದನ್ನು ರೂಪಿಸಲಾಯಿತು. ಮ್ಯಾಡಿಸನ್‌ನ ಸಂತ ಪೌಲರ ಚರ್ಚು ಇದೇ ಬಗೆಯ ಕಾಂಕ್ರೀಟ್ ರೂಪವನ್ನು 1960ರ ದಶಕದ ಕೊನೆಯಲ್ಲಿ ಪಡೆದು, ಅರ್ಧ ಶತಮಾನದೊಳಗೆ ಅದನ್ನು ಕೆಡವಿ, 2017ರಲ್ಲಿ ಮತ್ತೆ ಸಾಂಪ್ರದಾಯಿಕ ಶೈಲಿಯ ಹೊಸ ಕಟ್ಟಡಕ್ಕೆ ಬಂದಿತು. ಒಂದೇ ನಿವೇಶನ, ಮೂರು ಕಟ್ಟಡಗಳು.

ವಿದ್ಯಾರ್ಥಿಯು ಯಾವ ಧರ್ಮಕೇಂದ್ರಕ್ಕೆ ಸೇರುತ್ತಾನೆ, ತವರಿನದಕ್ಕೋ ಕ್ಯಾಂಪಸ್ಸಿನದಕ್ಕೋ?

ಎರಡಕ್ಕೂ ಸೇರಬಹುದು. ಒಂದು ಕಡೆ ಕನಿಷ್ಠ ಮೂರು ತಿಂಗಳು ಇರುವ ಉದ್ದೇಶದಿಂದ ವಾಸಿಸುವವರಿಗೆ, ಅಥವಾ ವಾಸ್ತವವಾಗಿ ಮೂರು ತಿಂಗಳು ವಾಸಿಸಿದವರಿಗೆ, ಅಲ್ಲಿ ಅರೆವಾಸದ ಹಕ್ಕು ದೊರೆಯುತ್ತದೆಂದು ಸಂಹಿತೆಯ 102ನೆಯ ವಿಧಿ ಹೇಳುತ್ತದೆ. ಆದ್ದರಿಂದ ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಯು ತವರಿನ ಸಂಬಂಧವನ್ನು ಕಡಿದುಕೊಳ್ಳದೆಯೇ ಕ್ಯಾಂಪಸ್ಸಿನಲ್ಲಿಯೂ ತನ್ನ ವಿಚಾರಣಾ ಗುರುಗಳನ್ನು (ಧರ್ಮಕೇಂದ್ರದ ಹೊಣೆ ಹೊತ್ತ ಪಾದ್ರಿಗಳನ್ನು) ಪಡೆಯುತ್ತಾನೆ.

ಜನರು ನಾಲ್ಕೈದು ವರ್ಷಗಳಲ್ಲಿ ಹೊರಟುಹೋಗುವಾಗ ಧರ್ಮಕೇಂದ್ರದ ನೆನಪು ಉಳಿಯುವು‌ದೆಲ್ಲಿ?

ಮುಖ್ಯವಾಗಿ ದಾಖಲೆ ಪುಸ್ತಕಗಳಲ್ಲಿ. ವಿವಾಹಗಳ ಪುಸ್ತಕವನ್ನು ಇಡಬೇಕೆಂದು ಟ್ರೆಂಟ್ ಮಹಾಸಭೆಯು 1563ರಲ್ಲಿಯೇ ವಿಚಾರಣಾ ಗುರುಗಳಿಗೆ ವಿಧಿಸಿತ್ತು. ಇಂದು 535ನೆಯ ವಿಧಿಯ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲಿ ದೀಕ್ಷಾಸ್ನಾನ, ವಿವಾಹ ಮತ್ತು ಮರಣಗಳ ಪುಸ್ತಕಗಳಿರಬೇಕು. ದೀಕ್ಷಾಸ್ನಾನದ ಪುಸ್ತಕದ ಒಂದು ಸಾಲನ್ನು ಗಮನಿಸಿ: ಮಗುವಿನ ಹೆಸರು, ತಂದೆತಾಯಿಯರ ಹೆಸರು, ಜ್ಞಾನ ತಂದೆತಾಯಿಯರು, ದಿನಾಂಕ, ಗುರುಗಳ ಸಹಿ, ಪಕ್ಕದಲ್ಲಿ ಮುಂದೆ ಬರಬಹುದಾದ ಟಿಪ್ಪಣಿಗಳಿಗಾಗಿ ಖಾಲಿ ಬಿಟ್ಟ ಅಂಚು. ಆ ಮಗು ಬೆಳೆದು ಎಲ್ಲಿಯೇ ದೃಢೀಕರಣ ಪಡೆಯಲಿ, ಮದುವೆಯಾಗಲಿ, ಗುರುದೀಕ್ಷೆ ಅಥವಾ ಸಂನ್ಯಾಸದ ಶಾಶ್ವತ ವ್ರತ ಸ್ವೀಕರಿಸಲಿ, ಆ ಸುದ್ದಿ ಈ ಪುಸ್ತಕವಿರುವ ಕಚೇರಿಗೆ ಬಂದು ಅದೇ ಅಂಚಿನಲ್ಲಿ ದಾಖಲಾಗಬೇಕು. ಸಂಶೋಧಕ ದಂಪತಿಯೊಬ್ಬರು ಕ್ಯಾಂಪಸ್ಸಿನಲ್ಲಿದ್ದಾಗ ದೀಕ್ಷಾಸ್ನಾನ ಪಡೆದ ಅವರ ಮಗಳು ಮೂವತ್ತು ವರ್ಷಗಳ ನಂತರ ಬೇರೊಂದು ಖಂಡದಲ್ಲಿ ವಿವಾಹವಾದರೂ, ಅಲ್ಲಿಂದ ಪತ್ರ ಬರುವುದು ಈ ಕ್ಯಾಂಪಸ್ಸಿಗೇ. ಅವಳ ಕುಟುಂಬವನ್ನು ಕಂಡವರು ಅಲ್ಲಿ ಒಬ್ಬರೂ ಉಳಿದಿರದಿದ್ದರೂ ಪುಸ್ತಕ ಉಳಿದಿರುತ್ತದೆ.

ಪುಸ್ತಕದಷ್ಟೇ ಮುಖ್ಯವಾದವರು ಖಾಯಂ ನಿವಾಸಿಗಳು: ದೀರ್ಘಕಾಲ ಸೇವೆಯಲ್ಲಿರುವ ಅಧ್ಯಾಪಕರು, ಕಚೇರಿ ಸಿಬ್ಬಂದಿ, ಸುತ್ತಲಿನ ಕುಟುಂಬಗಳು. ಬೇಸಿಗೆ ರಜೆಯಲ್ಲಿ ಬೆಂಚುಗಳು ಖಾಲಿಯಾದಾಗ ದೀಪ ಹಚ್ಚುವವರೂ, ಕಾಣಿಕೆಯಿಂದ ಕಟ್ಟಡವನ್ನು ಉಳಿಸುವವರೂ ಅವರೇ. ಆದರೆ ಇದರಲ್ಲಿ ಒಂದು ತೊಡಕೂ ಇದೆ. ಖಾಯಂ ಕುಟುಂಬಗಳ ಅನುಕೂಲಕ್ಕೆ ತಕ್ಕಂತೆ ಬಲಿಪೂಜೆಯ ಸಮಯ, ಹಾಡುಗಳು, ಸಮಿತಿಗಳು ಎಲ್ಲವೂ ರೂಪುಗೊಂಡರೆ ವಿದ್ಯಾರ್ಥಿಗಳು ತಮ್ಮದೇ ಧರ್ಮಕೇಂದ್ರದಲ್ಲಿ ಅತಿಥಿಗಳಾಗಿಬಿಡುತ್ತಾರೆ. ವಿದ್ಯಾರ್ಥಿಗಳಿಂದ ಹುಟ್ಟಿದ ಸಂಸ್ಥೆಯಲ್ಲಿ ಪಾಲನಾ ಮಂಡಳಿಯ ಕೆಲವು ಸ್ಥಾನಗಳಾದರೂ ಅವರಿಗೆ ಮೀಸಲಿರಬೇಕು, ಓದುವ ಜವಾಬ್ದಾರಿಯೂ ಹಾಡುವ ಜವಾಬ್ದಾರಿಯೂ ಅವರ ಕೈಯಲ್ಲಿರಬೇಕು.

ಇಂಥ ಧರ್ಮಕೇಂದ್ರಗಳಿಗೆ ಸಾಮಾನ್ಯವಾಗಿ ಯಾವ ಸಂತರ ಹೆಸರಿಡುತ್ತಾರೆ?

ಪ್ಯಾರಿಸ್‌ನಲ್ಲಿ ಕಲಿಸಿದ ಸಂತ ಥಾಮಸ್ ಅಕ್ವಿನಾಸ್ ಅವರ ಹೆಸರು ಬಹಳ ಕಡೆ ಇದೆ. ಪೋಪ್ ಹದಿಮೂರನೆಯ ಲಿಯೋ 1880ರಲ್ಲಿ ಅವರನ್ನು ಕಥೋಲಿಕ ಶಾಲೆ ಮತ್ತು ವಿಶ್ವವಿದ್ಯಾಲಯಗಳ ಪಾಲಕರೆಂದು ಘೋಷಿಸಿದರು. ಸಂತ ಥಾಮಸ್ ಮೋರ್, ಜ್ಞಾನಪೀಠವೆಂದು ಕೊಂಡಾಡಲಾಗುವ ಮರಿಯಮ್ಮನವರು, ಪವಿತ್ರಾತ್ಮರು ಮತ್ತು 2019ರಿಂದೀಚೆಗೆ ಸಂತ ನ್ಯೂಮನ್ ಅವರ ಹೆಸರುಗಳೂ ಪ್ರಚಲಿತವಾಗಿವೆ.

ತಮ್ಮ ಕ್ಯಾಂಪಸ್ಸಿನ ಧರ್ಮಕೇಂದ್ರದ ಇತಿಹಾಸವನ್ನು ಬರೆಯಲು ಹೊರಟವರು ಎಲ್ಲಿಂದ ಆರಂಭಿಸಬೇಕು?

ಸ್ಥಾಪನೆಯ ಆದೇಶಪತ್ರದಿಂದ. ಅದರ ಪ್ರತಿ ಧರ್ಮಪ್ರಾಂತ್ಯದ ಕಚೇರಿಯಲ್ಲಿ ಇರುತ್ತದೆ. ಧರ್ಮಕೇಂದ್ರದ ಎಲ್ಲೆ, ಹೆಸರು ಮತ್ತು ದಿನಾಂಕ ಅದರಿಂದ ಖಚಿತವಾಗುತ್ತವೆ. ಚರ್ಚಿನ ಪ್ರತಿಷ್ಠಾಪನೆಯ ದಿನಾಂಕವನ್ನೇ ಧರ್ಮಕೇಂದ್ರದ ಸ್ಥಾಪನೆಯ ದಿನಾಂಕವೆಂದು ಭಾವಿಸಬಾರದು, ಏಕೆಂದರೆ ಅವೆರಡರ ನಡುವೆ ದಶಕಗಳ ಅಂತರವಿರಬಹುದು. ನಂತರ ಆದೇಶಕ್ಕಿಂತ ಹಿಂದಕ್ಕೆ ಹೋಗಬೇಕು: ವಿಶ್ವವಿದ್ಯಾಲಯದ ವಾರ್ಷಿಕ ಸಂಚಿಕೆಗಳಲ್ಲಿ ವಿದ್ಯಾರ್ಥಿ ಸಂಘಗಳ ಭಾವಚಿತ್ರಗಳು, ವಿದ್ಯಾರ್ಥಿ ಪತ್ರಿಕೆಯ ಪ್ರಕಟಣೆಗಳು, ಕೋಣೆ ಕೇಳಿ ಬರೆದ ಅರ್ಜಿಗಳು ಅಲ್ಲಿ ಸಿಗುತ್ತವೆ. ವಿವಾಹ ಮತ್ತು ದೀಕ್ಷಾಸ್ನಾನದ ಪುಸ್ತಕಗಳಲ್ಲಿ ಖಾಸಗಿ ಮಾಹಿತಿ ಇರುವುದರಿಂದ ಅವನ್ನು ನೋಡಲು ವಿಚಾರಣಾ ಗುರುಗಳ ಅನುಮತಿ ಬೇಕು, ಹೆಸರುಗಳನ್ನು ಪ್ರಕಟಿಸುವಂತಿಲ್ಲ. ಆದರೆ ಯಾವ ದಶಕದಲ್ಲಿ ಎಷ್ಟು ಕುಟುಂಬಗಳಿದ್ದವು, ಯಾವ ಯಾವ ದೇಶಗಳಿಂದ ಬಂದಿದ್ದವು ಎಂಬುದು ಅವುಗಳಿಂದ ತಿಳಿಯುತ್ತದೆ. ಹಳೆಯ ವಿದ್ಯಾರ್ಥಿಗಳನ್ನು ಮಾತನಾಡಿಸುವ ಕೆಲಸವನ್ನು ಮಾತ್ರ ಮುಂದೂಡಬಾರದು. ಕಟ್ಟಡವಿಲ್ಲದ ದಿನಗಳಲ್ಲಿ ತರಗತಿಯ ಕೋಣೆಯಲ್ಲಿ ಮೇಜನ್ನೇ ಬಲಿಪೀಠ ಮಾಡಿಕೊಂಡವರು ಯಾರು, ಮೇಲುಬಟ್ಟೆಯನ್ನು ಒಗೆದು ತರುತ್ತಿದ್ದವರು ಯಾರು, ಊರಿನ ಗುರುಗಳನ್ನು ಕರೆತರಲು ಹೋಗುತ್ತಿದ್ದವರು ಯಾರು ಎಂಬುದನ್ನು ಯಾವ ಆದೇಶಪತ್ರವೂ ದಾಖಲಿಸಿರುವುದಿಲ್ಲ.